ಹೆಸರು ಬರಲಿಲ್ಲ ಅಂತ ಬರೆದಿದ್ದೀಯಲ್ಲ ಪುಟ್ಟೀ

ಡೆಟ್ರಾಯಿಟ್
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಮನೆ ವಿಷಯ, ಅಪ್ಪನ ಮಂಡಿನೋವು ಎಲ್ಲಾ ಫೋನಿನಲ್ಲಿ ಮಾತಾಡಿ ಆಗಿದೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಹಾಡುಗಳ ರೆಕಾರ್ಡಿಂಗಿಗೆ ನಾನು ಬಾಸ್ ನುಡಿಸಿದ್ದನ್ನ ಎಲ್ಲರೂ ಕೇಳ್ತಾರೆ ದೊಡ್ಡಮ್ಮ, ಹೆಸರು ಮಾತ್ರ ಬರಲಿಲ್ಲ, ನುಡಿಸಿದ್ದು ನಾನು ಅಂತ ಯಾರಿಗೂ ಗೊತ್ತಾಗಲ್ಲ' ಅಂತ. ಅದನ್ನ ಓದಿದ ಮೇಲೆ ಸರಿಯಾಗಿ ನಿದ್ದೆ ಬಂದಿಲ್ಲ.

ಸುಳ್ಳು ಸಮಾಧಾನ ಹೇಳಲಾರೆ. ತಗ್ಗು ಸ್ವರದ ಆ ಬಾಸ್ ಗಿಟಾರಿನ ಹುಚ್ಚು ನಿನಗೆ ಹಿಡಿಸಿದ ಹಳೇ ಸೋಲ್, ಫಂಕ್ ರೆಕಾರ್ಡುಗಳೇ, ಇಲ್ಲಿನ ಕಪ್ಪು ಜನರ ಆ ಸಂಗೀತವೇ, ನಿನ್ನ ಭಯಕ್ಕೆ ಸಾಕ್ಷಿ. ಮೋಟೌನ್ ಅನ್ನುವ ಕಂಪನಿಯ ರೆಕಾರ್ಡುಗಳು ಆದದ್ದು ಇದೇ ಊರಲ್ಲಿ, ವೆಸ್ಟ್ ಗ್ರ್ಯಾಂಡ್ ಬೊಲೆವಾರ್ಡಿನ 2648ನೇ ನಂಬರಿನ ಮನೆಯಲ್ಲಿ. ಕಂಪನಿ ಕಟ್ಟಿದ ಬೆರ್ರಿ ಗೋರ್ಡಿ 1959ರಲ್ಲಿ ಕೊಂಡ ಸಾದಾ ಮನೆ ಅದು. ಗ್ಯಾರೇಜನ್ನೇ ಸ್ಟುಡಿಯೋ ಮಾಡಿದ್ದರು. ಮೇಲಿಂದ ವೈರುಗಳು ನೇತಾಡುತ್ತಿದ್ದವಂತೆ, ಅದಕ್ಕೆ ಹಾವಿನ ಗುಂಡಿ ಅಂತಲೇ ಕರೆಯುತ್ತಿದ್ದರು. ರಾತ್ರಿ ಕ್ಲಬ್ಬಿನಲ್ಲಿ ಜಾಝ್ ನುಡಿಸಿದವರೇ ಇಲ್ಲಿ ಬಂದು ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಿದ್ದರು. ಡ್ರಮ್ಮಿನವರು ಕೂದಲೆಳೆಯಷ್ಟು ಹಿಂದೆ ಉಳಿದರೆ ಬಾಸಿನವರು ಅಲ್ಲೇ ಕಾಯುತ್ತಾರೆ, ಗಮನಿಸಿದ್ದೀಯಾ? ಆ ಕಾಯುವುದರಲ್ಲಿದೆ ಪ್ರಾಣ. ಅರವತ್ತು ವರ್ಷ ಆದರೂ ಈ ಹಾಡುಗಳು ಹಳಸದೇ ಇರುವುದಕ್ಕೆ ನನಗೆ ಗೊತ್ತಿರುವ ಕಾರಣ ಅದೊಂದೇ.

ಆದರೆ ಎಷ್ಟೋ ವರ್ಷ ರೆಕಾರ್ಡಿನ ಮೇಲೆ ಇವರ ಹೆಸರು ಇರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ ಬಂದಾಗ ಹೊದಿಕೆಯ ಮೇಲೆ ಹೆಸರು ಹಾಕಿದರು. ಮಾರನೇ ವರ್ಷವೇ ಕಂಪನಿ ಲಾಸ್ ಏಂಜಲೀಸಿಗೆ ಹೋಯಿತು.

ನಾನು ಈ ಊರಿಗೆ ಬಂದದ್ದು 1974ರ ಚಳಿಗಾಲ. ಅಪಾರ್ಟ್‌ಮೆಂಟಿನ ಗೋಡೆ ತೆಳು. ಪಕ್ಕದ ಮನೆಯಾಕೆ ಶನಿವಾರ ಬೆಳಿಗ್ಗೆ ರೆಕಾರ್ಡು ಹಾಕಿಕೊಂಡು ಮನೆ ಗುಡಿಸುತ್ತಿದ್ದರು. ಹಾಡಿನ ಮಾತು ನನಗೆ ಕೇಳುತ್ತಿರಲಿಲ್ಲ. ಬಾಸ್ ಮಾತ್ರ ಗೋಡೆ ದಾಟಿ ಬರುತ್ತಿತ್ತು. ಅಕ್ಕಿ ಆರಿಸುತ್ತಾ ಕೂತವಳು ಕೈ ನಿಲ್ಲಿಸಿಬಿಡುತ್ತಿದ್ದೆ. ತೋರುಬೆರಳು ತಾನಾಗಿ ಮೇಜಿನ ಅಂಚನ್ನು ಮೀಟುತ್ತಿತ್ತು, ವೀಣೆ ಮೀಟಿದ ಹಾಗೆ. ಹಾಡಿದವರು ಯಾರು ಅಂತ ತಿಳಿಯುವ ಮೊದಲೇ ನುಡಿಸಿದವರು ನನಗೆ ಪರಿಚಯ ಆಗಿದ್ದರು. ಜೇಮ್ಸ್ ಜೇಮರ್ಸನ್ ಅನ್ನುವ ಹೆಸರು ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು. ಅವರೂ ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದರು ಅಂತ ಆಮೇಲೆ ಓದಿ ಅತ್ತುಬಿಟ್ಟೆ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ವರ್ಷಗಳಾಗಿದ್ದವು. ಹೋದದ್ದು 1983ರಲ್ಲಿ, ಐವತ್ತೂ ತುಂಬಿರಲಿಲ್ಲ. ಅದೇ ವರ್ಷ ಕಂಪನಿಯ 25 ವರ್ಷದ ಸಮಾರಂಭಕ್ಕೆ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತಿದ್ದರಂತೆ. ವೇದಿಕೆಗೆ ಯಾರೂ ಕರೆಯಲಿಲ್ಲ.

ನೋಡು, ನಿನ್ನ ಭಯ ಕಳೆಯೋಣ ಅಂತ ಕೂತವಳು ಜಾಸ್ತಿ ಮಾಡುತ್ತಿದ್ದೇನೆ.

ನಿನಗೆ ಹೇಳದ ಒಂದು ಮಾತಿದೆ. ಮೈಸೂರಲ್ಲಿ ಹುಡುಗಿಯಾಗಿದ್ದಾಗ ಒಂದು ಸಲ ರೇಡಿಯೋದಲ್ಲಿ ವೀಣೆ ನುಡಿಸಿದ್ದೆ. ಪ್ರಸಾರದ ದಿನ ಓಣಿಯವರೆಲ್ಲಾ ನಮ್ಮ ಪಡಸಾಲೆಯಲ್ಲಿ. ಹಾಡಿದವಳ ಹೆಸರು ಹೇಳಿದರು, ನನ್ನದು ಹೇಳಲಿಲ್ಲ. ನಿಮ್ಮ ತಾತ ಏನೂ ಮಾತಾಡದೆ ಎದ್ದು ರೇಡಿಯೋ ಆರಿಸಿದರು. ಆಮೇಲೆ ಪಾಠಕ್ಕೆ ಹೋಗುವುದು ಕಮ್ಮಿ ಮಾಡಿದೆ. ಮದುವೆ, ದೂರದ ಊರು, ಹೀಗೇ ನೆಪ ಹೇಳಿಕೊಂಡು ಬಂದೆ. ನಿಜ ಅಂದರೆ ಹೆಸರು ಬರಲಿಲ್ಲ ಅಂತಲೇ ಕೈಬಿಟ್ಟದ್ದು. ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ ವೀಣೆಯ ತಂತಿ ತುಕ್ಕು ಹಿಡಿಯಿತು. ಪಕ್ಕದ ಮನೆಯಾಕೆಯ ಬಾಗಿಲನ್ನೂ ಒಂದು ದಿನ ತಟ್ಟಲಿಲ್ಲ. ಅವರ ಹೆಸರೂ ನನಗೆ ಗೊತ್ತಿಲ್ಲ ಪುಟ್ಟೀ.

ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ಸಿನ್ಸಿನಾಟಿಯ ಸ್ಟುಡಿಯೋದಲ್ಲಿ ಬಾರಿಸಿದ ಕೆಲವೇ ಸೆಕೆಂಡುಗಳ ತುಣುಕನ್ನು ನೂರಾರು ಹಿಪ್‌ಹಾಪ್ ಹಾಡುಗಳಲ್ಲಿ ಎತ್ತಿ ಬಳಸಿದ್ದಾರೆ. ಹಾಡು ಬರೆದವರು ಅಂತ ಅವರ ಹೆಸರಿರಲಿಲ್ಲ, ಹಾಗಾಗಿ ಹಣವೂ ಅವರ ಕೈಗೆ ಬರಲಿಲ್ಲ. ಆದರೂ 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಡ್ರಮ್ಸ್ ಕಲಿಯುವ ಹುಡುಗರಿಗೆಲ್ಲಾ ಅವರ ಹೆಸರು ಗೊತ್ತಿತ್ತು. ಅದು ಸಾಕಾ? ನನಗೆ ಸಾಕು ಅನ್ನಿಸುವುದಿಲ್ಲ. ನಿನಗೂ ಸಾಲದು.

ಆದ್ದರಿಂದ, ನಾನು ಹೇಳುವಷ್ಟು ತಿಳಿದವಳಲ್ಲ, ಆದರೂ ಒಂದು ನೋಟ್‌ಬುಕ್ ಇಡು. ಯಾವ ದಿನ, ಯಾವ ಸ್ಟುಡಿಯೋ, ಯಾವ ಹಾಡು, ಎಷ್ಟು ಕೊಟ್ಟರು. ನುಡಿಸುವ ಮುಂಚೆ ಹೆಸರು ಹಾಕ್ತೀರಾ ಅಂತ ಕೇಳು, ಬರೆಸಿಕೋ. ಸಂಕೋಚ ಆಗುತ್ತೆ, ಗೊತ್ತು. ನಮ್ಮ ಭಾರತದ ಕಾಪಿರೈಟ್ ಕಾನೂನಿಗೆ 2012ರಲ್ಲಿ ತಿದ್ದುಪಡಿ ಆಯಿತಲ್ಲ, ನುಡಿಸಿದವರು ಹೆಸರು ಕೇಳುವ ಹಕ್ಕು ಅದರಲ್ಲಿದೆ. ವಕೀಲರನ್ನು ಒಂದು ಮಾತು ಕೇಳಿ ನೋಡು. ಕೊಡದಿದ್ದರೆ ಏನು ಮಾಡಬೇಕೋ ನನಗೂ ತೋಚುತ್ತಿಲ್ಲ. ಬಾಸ್ ಮಾತ್ರ ಅಟ್ಟಕ್ಕೆ ಏರಿಸಬೇಡ.

ನಿನ್ನ ಪತ್ರ ಈಗ ಮತ್ತೆ ತೆಗೆದು ನೋಡಿದೆ. ಇಷ್ಟೆಲ್ಲಾ ಬರೆದವಳು ಯಾವ ಹಾಡಿಗೆ ನುಡಿಸಿದೆ ಅಂತ ನೀನೂ ಬರೆದಿಲ್ಲ. ನಾಳೆಯೇ ಬರೆದು ಕಳಿಸು, ನಿನ್ನ ಬಾಸ್ ಎಲ್ಲಿಂದ ಶುರುವಾಗುತ್ತೆ ಅಂತಲೂ ಹೇಳು. ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೇನೆ.

ನಿನ್ನ
ದೊಡ್ಡಮ್ಮ