ಸಿಇಟಿ ಬರೆಯುವ ಮಕ್ಕಳಿಗೆ, ಮನೆಯವರಿಗೆ

ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬರುವವರು 9.30ಕ್ಕೇ ಕೇಂದ್ರ ತಲುಪಿ. ಓಡಿ ಬಂದರೆ ಏದುಸಿರಿನಲ್ಲೇ ಗಾಬರಿ ಶುರುವಾಗುತ್ತದೆ. ಬೆಳಿಗ್ಗೆ ಇಡ್ಲಿ ಇಲ್ಲವೇ ಅವಲಕ್ಕಿ ಸಾಕು. ಬೆಣ್ಣೆದೋಸೆ, ಮಿರ್ಚಿ ಬೇಡವೇ ಬೇಡ. ಜಿಡ್ಡು ಬೇಗ ಕರಗದೆ ಮಂಪರು ಕವಿಯುತ್ತದೆ.

ಎದೆ ಡವಡವ ಅಂದರೆ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ನಿಧಾನ ಬಿಡಿ. ಐದಾರು ಸಲ ಮಾಡಿದರೆ ಬಡಿತ ಇಳಿಯುತ್ತದೆ.

ಪ್ರತಿ ಪತ್ರಿಕೆಗೆ 80 ನಿಮಿಷ, 60 ಪ್ರಶ್ನೆ. ತಪ್ಪಿಗೆ ಅಂಕ ಕಡಿತವಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲೂ ಆ ಸಾಲು ಬಿಟ್ಟಿದ್ದೀರಾ ನೋಡಿಕೊಳ್ಳಿ. ಒಂದು ಸಾಲು ಜಾರಿದರೆ ಮುಂದಿನದೆಲ್ಲ ತಪ್ಪು.

2.30ರ ಪತ್ರಿಕೆಗೆ ಮುಂಚೆ ಸ್ವಲ್ಪ ಮೊಸರನ್ನ, ಉಪ್ಪು ಹಾಕಿದ ಮಜ್ಜಿಗೆ, ನೆರಳಲ್ಲಿ ವಿಶ್ರಾಂತಿ. ಪೋಷಕರೇ, ಬೆಳಗಿನ ಪತ್ರಿಕೆಯ ಉತ್ತರ ತಾಳೆ ಹಾಕಿಸಬೇಡಿ, ಅದು ಸಂಜೆಗಿರಲಿ.