ಹಿಂದಿನಿಂದ ಬರುವ ಹೆಜ್ಜೆ ಸದ್ದು

ಪ್ರಿಯ ಗೆಳೆಯ,

ನಿನ್ನ ಹನ್ನೊಂದು ಪುಟದ ಪ್ರಬಂಧ ತಲುಪಿತು. ಎರಡು ಸಲ ಓದಿದೆ. ಓಟಕ್ಕೆ ಹೋದಾಗ ಎದುರಾದವರ ಬಗ್ಗೆ ಬರೆಯಬೇಕೆನ್ನುವ ಆಸೆ ನನಗೂ ಗೊತ್ತು. ಮೂವತ್ತು ವರ್ಷದಿಂದ ಓಡುತ್ತಿದ್ದೇನೆ, ಅಷ್ಟೇ ವರ್ಷದಿಂದ ಆ ಚಟವೂ ಇದೆ. ಆದರೆ ಮೂರನೇ ಪುಟದಲ್ಲಿ, ಎದುರಿನಿಂದ ನಡೆದು ಬಂದ ಹೆಂಗಸಿನ ಕಣ್ಣಲ್ಲಿ ‘ಹೇಳಲಾಗದ ಒಂದು ನೋವು’ ಕಂಡಿತು ಅಂತ ಬರೆದಿದ್ದೀಯಲ್ಲ, ಅಲ್ಲಿ ಓದುವುದನ್ನು ನಿಲ್ಲಿಸಿ ಲೆಕ್ಕ ಹಾಕಲು ಕೂತೆ.

ನೀನು ಕಿಲೋಮೀಟರಿಗೆ 6 ನಿಮಿಷ ತೆಗೆದುಕೊಳ್ಳುವವನು, ಅಂದರೆ ಗಂಟೆಗೆ 10 ಕಿ.ಮೀ. ನಡೆಯುವವರದು ಸುಮಾರು 5. ಎದುರುಬದುರು ಬರುವಾಗ ಎರಡೂ ಸೇರಿ 15. ಆಕೆ 50 ಮೀಟರ್ ದೂರದಲ್ಲೇ ಕಣ್ಣಿಗೆ ಬಿದ್ದಳು ಅಂತಿಟ್ಟುಕೊಂಡರೂ ಪಕ್ಕದಲ್ಲಿ ಹಾದುಹೋಗುವಷ್ಟರಲ್ಲಿ ಕಳೆದದ್ದು 12 ಸೆಕೆಂಡು. ಮುಖ ನೆಟ್ಟಗೆ ಕಾಣುವುದು ಕೊನೆಯ ಎರಡು ಮೂರರಲ್ಲಿ. ಆಗ ನಿನ್ನ ಕಣ್ಣಿಗೆ ಬೆವರು ಇಳಿದಿರುತ್ತದೆ. ಅಷ್ಟರಲ್ಲಿ ಹೇಳಲಾಗದ ನೋವು ಕಂಡಿತೆ? ಕಂಡಿದ್ದರೆ ಅದು ನಿನ್ನ ಮಂಡಿಯದ್ದಿರಬೇಕು.

ಬೇಜಾರು ಮಾಡಿಕೊಳ್ಳಬೇಡ. ನಾನು ಇದಕ್ಕಿಂತ ಕೆಟ್ಟದ್ದನ್ನು ಬರೆದಿದ್ದೇನೆ.

ಒಂದು ಚಳಿಗಾಲದ ನಸುಕು. ದೂರದೂರಕ್ಕೆ ಒಂದೊಂದು ದೀಪ. ಮುಂದೆ ಒಬ್ಬಳು ಹೆಂಗಸು ನಡೆದು ಹೋಗುತ್ತಿದ್ದಳು, ನಾನು ನನ್ನ ಉಸಿರಿನ ಲಯದಲ್ಲಿ ಮುಳುಗಿದ್ದೆ. ಹತ್ತಿರವಾಗುತ್ತಿದ್ದಂತೆ ಆಕೆ ಸರಕ್ಕನೆ ತಿರುಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮುಷ್ಟಿಯಲ್ಲಿ ಕೀಲಿಗೊಂಚಲು, ಬೆರಳ ಸಂದಿಯಿಂದ ಒಂದು ಕೀಲಿಯ ಮೊನೆ ಹೊರಗೆ ಚಾಚಿತ್ತು. ‘ಕ್ಷಮಿಸಿ’ ಅನ್ನಲು ಬಾಯಿ ತೆರೆದೆ. ಬಂದದ್ದು ಏದುಸಿರು. ಅದು ಆಕೆಗೆ ಹೇಗೆ ಕೇಳಿಸಿರಬಹುದು ಅಂತ ಇವತ್ತಿಗೂ ಯೋಚಿಸುತ್ತೇನೆ.

ಮನೆಗೆ ಬಂದು ಬರೆದೆ. ಚೆನ್ನಾಗಿಯೇ ಬಂತು ಅನ್ನಿಸಿತ್ತು. ಪ್ರಪಂಚ ಒಬ್ಬ ನಿರಪರಾಧಿ ಓಟಗಾರನನ್ನು ಹೇಗೆ ತಪ್ಪು ತಿಳಿಯುತ್ತದೆ ಅನ್ನುವುದು ಅದರ ರಾಗ. ಎಷ್ಟೋ ವರ್ಷದ ಮೇಲೆ ಈ ಗಣಿತ ಹೊಳೆಯಿತು: ಹಿಂದಿನಿಂದ ಬರುವಾಗ ವೇಗ ಕೂಡುವುದಿಲ್ಲ, ಕಳೆಯುತ್ತದೆ. 10ರಲ್ಲಿ 5 ಹೋದರೆ 5. ಅದೇ 50 ಮೀಟರಿಗೆ 36 ಸೆಕೆಂಡು. ನಿನ್ನ ಕೈಗಡಿಯಾರ ಹಿಡಿದು ಒಮ್ಮೆ ಸುಮ್ಮನೆ 36 ಸೆಕೆಂಡು ಕೂತು ನೋಡು, ಎಷ್ಟು ಉದ್ದ ಅಂತ. ಅಷ್ಟು ಹೊತ್ತು ಕತ್ತಲಲ್ಲಿ ಆಕೆ ಕೇಳಿಸಿಕೊಂಡದ್ದು, ಹತ್ತಿರ ಹತ್ತಿರ ಬರುತ್ತಿದ್ದ ನನ್ನ ಹೆಜ್ಜೆ. ನನ್ನ ಬರಹದಲ್ಲಿ ಆ 36 ಸೆಕೆಂಡು ಇರಲೇ ಇಲ್ಲ. ಓಡುವವನಾಗಿ ನಾನು ತಿದ್ದಿಕೊಂಡದ್ದು ಸುಲಭ: ಈಗ ದೂರದಲ್ಲೇ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಬರೆಯುವವನಾಗಿ ತಿದ್ದಿಕೊಳ್ಳಲು ಬಹಳ ಕಾಲ ಹಿಡಿಯಿತು. ನಿನಗೆ ಹೇಳಬೇಕೆಂದಿರುವುದೂ ಇದೊಂದನ್ನೇ. ಅವರು ನಿನಗೆ ಎದುರಾದರು ಅಂತ ಬರೆಯುತ್ತೀಯ. ಅವರಿಗೆ ಎದುರಾದದ್ದು ನೀನು. ಬೆಳಗಿನ ಹೊತ್ತು ತಮ್ಮ ಪಾಡಿಗೆ ತಾವಿದ್ದವರ ನಡುವೆ ಕೆಂಪು ಮುಖದ, ಏದುಸಿರಿನ ಅಪರಿಚಿತನೊಬ್ಬ ನುಗ್ಗಿ ಬಂದ.

ಹಕ್ಕಿಗೂ ಹಾಗೆಯೇ. ಜಲ್ಲಿ ಹಾಸಿದ ದಾರಿಯೊಂದರಲ್ಲಿ ಟಿಟ್ಟಿಭವೊಂದು ಒಂದು ವಾರ ನನ್ನ ತಲೆಯ ಮೇಲೆ ಎರಗುತ್ತಿತ್ತು. ‘ಹಕ್ಕಿಯ ದಾಳಿ’ ಅಂತ ಗುರುತು ಹಾಕಿಕೊಂಡಿದ್ದೆ. ಎಂಟನೇ ದಿನ ಶೂ ಲೇಸು ಬಿಚ್ಚಿಕೊಂಡಿತೆಂದು ಬಗ್ಗಿದೆ. ಮೊಳದಾಚೆ ನೆಲದ ಮೇಲೆ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ. ಗೂಡು ಅನ್ನುವಂಥದ್ದೇನೂ ಇಲ್ಲ. ಮಚ್ಚೆ ಮಚ್ಚೆಯ ಮೊಟ್ಟೆ, ಜಲ್ಲಿಯ ಬಣ್ಣ. ಏಳು ದಿನ ನನ್ನ ಪಾದ ಅದರ ಪಕ್ಕದಲ್ಲೇ ಬಿದ್ದಿತ್ತು. ದಾಳಿ ಯಾರದ್ದು ಹೇಳು?

ಒಲಿಂಪಿಕ್ಸ್ ಕಥೆಗಳನ್ನು ಹೇಳುವವರೂ ಈ ಕಡೆಯಿಂದ ನೋಡುವುದು ಕಡಿಮೆ. 1912ರ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ ಜಪಾನಿನ ಶಿಜೊ ಕನಕುರಿ ಸುಡುಬಿಸಿಲಿಗೆ ಸೋತು, ದಾರಿ ಬದಿಯ ಮನೆಯೊಂದರ ತೋಟದಲ್ಲಿ ಆಸರೆ ಪಡೆದ. ಅಲ್ಲಿದ್ದವರು ಕುಡಿಯಲು ಕೊಟ್ಟರು, ಆರೈಕೆ ಮಾಡಿದರು. ಅವನು ಸಂಘಟಕರಿಗೆ ಒಂದು ಮಾತೂ ಹೇಳದೆ ಜಪಾನಿಗೆ ಮರಳಿದ. 1967ರಲ್ಲಿ ಸ್ವೀಡನ್ನಿನವರು ಕರೆಸಿ, 75ರ ಹರೆಯದಲ್ಲಿ ಅವನಿಂದ ಆ ಓಟ ಮುಗಿಸಿಸಿದರು. ಕಾಲ: 54 ವರ್ಷ, 8 ತಿಂಗಳು, 6 ದಿನ, ಮೇಲಷ್ಟು ಗಂಟೆ ನಿಮಿಷ. ಎಲ್ಲರಿಗೂ ಈ ಸಂಖ್ಯೆಯ ಮೇಲೇ ಮೋಹ. ನನ್ನ ಮನಸ್ಸು ಮಾತ್ರ ಆ ತೋಟದಲ್ಲೇ ನಿಂತಿದೆ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಮುಗಿಸಲಾಗದ ಓಟ ಅದು. ಕುಸಿದುಬಿದ್ದ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಜಾರೊ ಮರುದಿನ ತೀರಿಕೊಂಡ. ಅಂಥ ಮಧ್ಯಾಹ್ನ ತಮ್ಮ ನೆರಳಲ್ಲಿ ತಾವಿದ್ದವರ ಬಳಿಗೆ, ಭಾಷೆ ಬಾರದ ಒಬ್ಬ ತತ್ತರಿಸುತ್ತ ಬರುತ್ತಾನೆ. ಅವರಲ್ಲಿ ಲೋಟ ತರಲು ಮೊದಲು ಎದ್ದದ್ದು ಯಾರು? ನನಗೆ ಆ ಕಥೆ ಬೇಕು.

ಎಲ್ಲವೂ ಹೀಗೆ ಭಾರವಾಗಿರಬೇಕಿಲ್ಲ. ಕೆಟ್ಟು ನಿಂತ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಒಬ್ಬಾತ ನನ್ನನ್ನು ಕರೆದ: “ಹೇಗೂ ಸುಮ್ಮನೆ ಓಡ್ತಾ ಇದ್ದೀರಲ್ಲ, ಸ್ವಲ್ಪ ತಳ್ಳಿಬಿಡಿ.” ಆ ‘ಸುಮ್ಮನೆ’ಗೆ ಉತ್ತರ ನನ್ನ ಬಳಿ ಇರಲಿಲ್ಲ, ತಳ್ಳಿದೆ. ಎಂಜಿನ್ ಹತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಆರೀತೆಂಬ ಭಯಕ್ಕೋ ಏನೋ ಆತ ನಿಲ್ಲಿಸಲಿಲ್ಲ, ಕಿಟಕಿಯಿಂದ ಒಂದು ಕೈ ಆಡಿತು. ಅಷ್ಟೇ. ನಾಲ್ಕು ಸಾಲಿನದು, ನಾಲ್ಕೇ ಸಾಲಲ್ಲಿ ಇರಲಿ. ನಿನ್ನ ಐದನೇ ಪುಟದ ಸೈಕಲ್ ಹುಡುಗನನ್ನು ಒಂದೂವರೆ ಪುಟ ಎಳೆದಿದ್ದೀಯ, ಪಾಪ.

ದಾರಿಯಲ್ಲಿ ಕೇಳಿದ ಮಾತನ್ನು ಮರೆಯದೆ ಮನೆಗೆ ತರುವುದು ಹೇಗೆ ಅಂತ ನೀನು ಕೇಳಿದ್ದೆ. ಕಾಗದ ಬೆವರಿಗೆ ಒದ್ದೆಯಾಗುತ್ತದೆ, ಫೋನು ತೆಗೆದರೆ ಓಟ ಕೆಡುತ್ತದೆ. ನಾನು ಅವರ ಬಾಯಿಂದ ಬಂದ ಮಾತನ್ನು ಮಾತ್ರ ಹೆಜ್ಜೆಗೆ ಹೊಂದಿಸಿ ಗುನುಗಿಕೊಳ್ಳುತ್ತ ಬರುತ್ತೇನೆ. ಹೇಗೂ-ಸುಮ್ಮನೆ, ಹೇಗೂ-ಸುಮ್ಮನೆ. ನಿಮಿಷಕ್ಕೆ 160, 170 ಹೆಜ್ಜೆ ಬೀಳುತ್ತವೆ. ಮನೆ ಬರುವಷ್ಟರಲ್ಲಿ ಮರೆಯಲು ಸಾಧ್ಯವೇ ಇಲ್ಲ. ಸ್ನಾನಕ್ಕೆ ಮೊದಲು ಬರೆದುಬಿಡು. ಬಿಸಿನೀರು ಬಿದ್ದ ಮೇಲೆ ಎಲ್ಲರೂ ಕವಿಗಳೇ.

ಕೊನೆಗೆ ಏಳನೇ ಪುಟದ ನಾಯಿ. ಇಡೀ ಪ್ರಬಂಧದಲ್ಲಿ ನನಗೆ ಇಷ್ಟವಾದದ್ದು ಅದು. ಮೂರು ಕಿಲೋಮೀಟರ್ ನಿನ್ನ ಜೊತೆ ಓಡಿ, ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಕೂತುಬಿಟ್ಟಿತು, ಕರೆದರೂ ಬರಲಿಲ್ಲ. ಎಷ್ಟು ಚೆಂದ. ಅದರ ಕೆಳಗಿನ ‘ಬದುಕೂ ಹಾಗೆಯೇ ಅಲ್ಲವೇ’ ಸಾಲನ್ನು ಪೆನ್ಸಿಲಿನಿಂದ ಹೊಡೆದು ಹಾಕಿದ್ದೇನೆ, ಕ್ಷಮಿಸು. ಆ ತಿರುವಿನಲ್ಲಿ ಏನಿತ್ತು? ಅಲ್ಲಿಂದಾಚೆ ಬೇರೆ ನಾಯಿಗಳ ಸರಹದ್ದೋ? ನಾಳೆ ಮತ್ತೆ ಆ ದಾರಿಯಲ್ಲೇ ಓಡುವುದಾದರೆ, ತಿರುವಿನಲ್ಲಿ ನಿಂತು ಅದು ಕೂತ ಜಾಗದಿಂದ ಒಂದು ಸಲ ನೋಡಿ ಬಂದು ನನಗೆ ಬರೆ.

ಇಂತಿ
ನಿನ್ನ ಹಳೆಯ ಓದುಗ