ಬೆಂಚಿನ ಕೆಳಗಿನ ಕಾಲು

ಗೆಳೆಯಾ,

ಹೇಗಿದ್ದೀಯ ಮಾರಾಯ? ಅಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತಾ? ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸುವುದಕ್ಕೂ ಆಗುತ್ತಿಲ್ಲ ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು.

‘ಕಾಲೇಜಿಗೆ ಸೇರಿದ್ಯಂತೆ, ಹೌದಾ?’ ಎಂದು ನೀನು ಕೇಳಿ ಮೂರು ತಿಂಗಳಾಯಿತು. ಹೌದು ಅಂತ ಬರೆದಿದ್ದರೆ ಸಾಕಿತ್ತು. ಆದರೆ ಹೌದು ಅಂದರೆ ಅದರ ಹಿಂದೆಯೇ ‘ಯಾಕೋ?’ ಬರುತ್ತದೆ. ಅದಕ್ಕೆ ಉತ್ತರ ಉದ್ದ. ಹಾಗಾಗಿ ಈ ಪತ್ರ. ನಾಲ್ಕು ಜನ ಓದುವ ಹಾಗೆ ಹಾಕುತ್ತಿದ್ದೇನೆ, ಅದಕ್ಕೇ ನಿನ್ನ ಹೆಸರು ಬರೆದಿಲ್ಲ. ನೀನೇ ಅಂತ ನಿನಗೆ ಗೊತ್ತಾಗುತ್ತದೆ.

ಹೌದು, ಸೇರಿದ್ದೇನೆ. ಸಂಜೆ ಕಾಲೇಜು, ಬಿಕಾಂ, 36ನೇ ವಯಸ್ಸಿಗೆ. ಮೊದಲ ವರ್ಷ ಮುಗಿಯಿತು. ಪೀಣ್ಯದ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯಲು ಶುರು ಮಾಡಿ 11 ವರ್ಷ. ಟ್ಯಾಲಿ, ಜಿಎಸ್‌ಟಿ, ಸ್ಟಾಕು ಎಲ್ಲ ನನ್ನ ಮೇಜಿನ ಮೇಲೇ. ಆದರೆ ಡಿಗ್ರಿ ಇಲ್ಲ. ನಾನೇ ಕೆಲಸ ಕಲಿಸಿದ ಹುಡುಗರು ಒಬ್ಬರಾದ ಮೇಲೆ ಒಬ್ಬರು ನನಗಿಂತ ಮೇಲಿನ ಕುರ್ಚಿಗೆ ಹೋದರು. ಮೂರನೆಯವನು ಹೋದ ದಿನ ಅರ್ಜಿ ತಂದೆ.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ಎರಡು ವರ್ಷದ ಹಿಂದೆ ನನಗೆ ಆಟಿಸಂ ಇದೆ ಎಂದು ಗೊತ್ತಾಯಿತು. ಅಕ್ಕನ ಮಗನನ್ನು ತೋರಿಸಲು ಆಸ್ಪತ್ರೆಗೆ ಹೋಗಿದ್ದೆವು. ಅವನ ಬಗ್ಗೆ ಡಾಕ್ಟರ್ ಕೇಳುತ್ತಿದ್ದ ಒಂದೊಂದು ಪ್ರಶ್ನೆಯೂ ನನ್ನ ಬಗ್ಗೆಯೇ ಕೇಳಿದ ಹಾಗಿತ್ತು. ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ನಾನೊಬ್ಬನೇ ಹೋಗಿ ಹೆಸರು ಬರೆಸಿದೆ.

ಚಿಕ್ಕಂದಿನ ವಿಷಯ ಹೇಳಲು ಯಾರಾದರೂ ಬರಬೇಕು ಎಂದರು. ಅಮ್ಮ ರಾತ್ರಿ ಬಸ್ಸಿಗೆ ಬಂದಳು, ಒಂದು ಡಬ್ಬ ತುಂಬ ಕೊಟ್ಟೆಕಡುಬು ಕಟ್ಟಿಕೊಂಡು. ಆಟಿಸಂ ಎಷ್ಟಿದೆ ಎಂದು ನೋಡಲು ಐಸಾ ಅಂತ ಒಂದು ಅಳತೆಪಟ್ಟಿ ಇದೆ, ನಮ್ಮ ದೇಶದಲ್ಲೇ ಮಾಡಿದ್ದು. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಆದರೆ ಶೇಕಡಾ 40 ಅಂಗವೈಕಲ್ಯ ಎಂದು ಲೆಕ್ಕ. ಸವಲತ್ತು ಶುರುವಾಗುವ ಗೆರೆ ಅದು. ಅಂಕ ಜಾಸ್ತಿ ಬರಲಿ ಅನ್ನಬೇಕೋ ಕಡಿಮೆ ಬರಲಿ ಅನ್ನಬೇಕೋ ತಿಳಿಯದ ಪರೀಕ್ಷೆ ನಾನು ಬರೆದದ್ದು ಅದೊಂದೇ.

‘ಒಬ್ಬನೇ ಆಡಿಕೊಳ್ಳುತ್ತಿದ್ದನಾ?’

‘ಇಲ್ಲಪ್ಪ, ಎಲ್ಲರ ಜೊತೆ ಆಡ್ತಿದ್ದ.’ ಯಾವ ಎಲ್ಲರೋ!

‘ಮಾತಾಡಿಸಿದರೆ ಮುಖ ನೋಡುತ್ತಿದ್ದನಾ?’

‘ನೋಡ್ತಿದ್ದ. ನಾಚಿಕೆ ಜಾಸ್ತಿ ಅಷ್ಟೇ.’

ಎಲ್ಲದಕ್ಕೂ ಹೀಗೇ. ಮಗನ ಮೇಲೆ ಯಾರೋ ಚಾಡಿ ಹೇಳಿದ್ದಾರೆ, ತಾನು ಬಿಡಿಸಿಕೊಂಡು ಹೋಗಬೇಕು ಅನ್ನುವ ಹಾಗೆ ಕೂತಿದ್ದಳು. ಕೊನೆಗೆ, ಸಾಮಾನುಗಳನ್ನು ಸಾಲಾಗಿ ಜೋಡಿಸುತ್ತಿದ್ದನಾ ಎಂದು ಕೇಳಿದರು. ಅಮ್ಮನ ಮುಖ ಅರಳಿತು. ‘ಅಡಿಕೆ ಜೋಡಿಸ್ತಿದ್ದ ಡಾಕ್ಟ್ರೇ. ಐದು ವರ್ಷಕ್ಕೇ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಮಾಡ್ತಿದ್ದ. ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲ. ಯಾರಾದ್ರೂ ಒಂದು ಅಡಿಕೆ ಆಚೆ ಈಚೆ ಮಾಡಿದ್ರೆ ಸಂಜೆವರೆಗೂ ಅಳ್ತಿದ್ದ.’ ಡಾಕ್ಟರ್ ಸುಮ್ಮನೆ ಬರೆದುಕೊಂಡರು. ಅಲ್ಲಿಂದ ಮುಂದೆ ಅಮ್ಮನೇ ಶುರು ಮಾಡಿದಳು. ಒಂದೇ ತಟ್ಟೆ, ಒಂದೇ ಅಂಗಿ. ಎಳ್ಳಮಾವಾಸ್ಯೆ ಜಾತ್ರೆಗೆ ಕರೆದುಕೊಂಡು ಹೋದರೆ ವಾಲಗದ ಸದ್ದಿಗೆ ಕಿವಿ ಮುಚ್ಚಿಕೊಂಡು ಹೊಳೆ ಕಡೆ ಓಡಿದ್ದು.

ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತುವಾಗ ಕೇಳಿದಳು, ‘ನಾನು ಮೊದಲು ಇಲ್ಲ ಇಲ್ಲ ಅಂದಿದ್ದಕ್ಕೆ ನಿನಗೆ ಮಾರ್ಕ್ಸ್ ಕಮ್ಮಿ ಆಯ್ತೇನೋ?’

ಕಡಿಮೆ ಆಗಲಿಲ್ಲ. ಹಳದಿ ಪಟ್ಟಿಯ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬಂತು. ನಾವು ಪಿಯುಸಿ ಓದುವಾಗ ಈ ಕಾರ್ಡ್ ಇರಲಿಲ್ಲ, ಅದು ಬಿಡು, ಸವಲತ್ತು ಕೊಡುವ ಕಾನೂನಿನ ಪಟ್ಟಿಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆ. 2016ರ ಕಾಯ್ದೆ ಅದನ್ನು 21 ಮಾಡಿತು, ಆಗ ನಮ್ಮಂಥವರೂ ಒಳಗೆ ಬಂದೆವು. ಅಂದರೆ 2007ರಲ್ಲಿ ನಾನು ಶಿವಮೊಗ್ಗಕ್ಕೆ ಡಿಗ್ರಿಗೆ ಹೋದಾಗ ಯಾರಾದರೂ ಕಂಡುಹಿಡಿದಿದ್ದರೂ ಕಾಲೇಜಿನಲ್ಲಿ ಕೇಳುವುದಕ್ಕೆ ದಾರಿ ಇರಲಿಲ್ಲ.

ಆಗ ನಾನು ಯಾಕೆ ಬಿಟ್ಟು ಬಂದೆ ಎಂದು ನೀನು ಕೇಳಿದ್ದೆ. ‘ಓದು ತಲೆಗೆ ಹತ್ತಲಿಲ್ಲ’ ಎಂದಿದ್ದೆ. ಹದಿನೈದು ವರ್ಷ ನಾನೂ ಅದನ್ನೇ ನಂಬಿದ್ದೆ. ಸುಳ್ಳು ಕಣೋ. ಓದು ಹತ್ತುತ್ತಿತ್ತು. ಹಾಸ್ಟೆಲ್ಲಿನಲ್ಲಿ ಒಂದು ರೂಮಿಗೆ ಆರು ಜನ, ರಾತ್ರಿ ಹನ್ನೆರಡರವರೆಗೆ ರೇಡಿಯೊ. ಅಕೌಂಟೆನ್ಸಿ ಇಂಟರ್ನಲ್ಸ್ ದಿನ ರೂಮು ಬದಲಾಯಿತು. ಅದನ್ನು ಯಾರೋ ಕ್ಯಾಂಟೀನಿನಲ್ಲಿ ಕೂಗಿ ಹೇಳಿದ್ದರಂತೆ. ನಾನು ಹಳೇ ರೂಮಿನಲ್ಲಿ ಪೆನ್ನು, ಸ್ಕೇಲು, ಕ್ಯಾಲ್ಕ್ಯುಲೇಟರ್ ಸಾಲಾಗಿ ಇಟ್ಟುಕೊಂಡು ಮುಕ್ಕಾಲು ಗಂಟೆ ಒಬ್ಬನೇ ಕೂತಿದ್ದೆ. ಪರೀಕ್ಷೆ ಮುಂದಕ್ಕೆ ಹೋಗಿರಬೇಕು ಅಂದುಕೊಂಡೆ. ಇಂಥವು ಎಂಟು ಹತ್ತು ಆದ ಮೇಲೆ ಪೆಟ್ಟಿಗೆ ಕಟ್ಟಿದೆ.

ಪಿಯುಸಿಯಲ್ಲಿ ಇದೆಲ್ಲ ಯಾಕೆ ಆಗಲಿಲ್ಲ? ಈಚೆಗೆ ಇದನ್ನೇ ಯೋಚಿಸುತ್ತಿದ್ದೆ. ನೀನಿದ್ದೆ, ಅದಕ್ಕೆ. ‘ಲೋ, ನಾಳೆ ಲ್ಯಾಬಲ್ಲಿ ಟೆಸ್ಟು’ ಅಂತ ಹೇಳುತ್ತಿದ್ದವನು ನೀನು. ಗೋಡೆ ಪಕ್ಕದ ಜಾಗ ನನಗೆ ಬಿಟ್ಟು ಗಲಾಟೆ ಕಡೆ ಕೂರುತ್ತಿದ್ದವನು ನೀನು. ಬೆಂಚಿನ ಕೆಳಗೆ ಕಾಲು ತುಳಿಯುತ್ತಿದ್ದೆಯಲ್ಲ, ನೆನಪಿದೆಯಾ? ಒಂದು ಸಲ ತುಳಿದರೆ ‘ಸುಮ್ನಿರು’, ಎರಡು ಸಲ ತುಳಿದರೆ ‘ಮೇಷ್ಟ್ರು ತಮಾಷೆ ಮಾಡಿದ್ರು, ನಗು’. ಈಗಿನ ಪರೀಕ್ಷೆ ಫಾರಮ್ಮಿನಲ್ಲಿ ನಮ್ಮ ಪರವಾಗಿ ಬರೆಯುವವರು ಬೇಕಾ, ಹೆಚ್ಚಿನ ಸಮಯ ಬೇಕಾ ಎಂದೆಲ್ಲ ಕೇಳುತ್ತಾರೆ. ಕಾಲು ತುಳಿಯುವವರು ಬೇಕಾ ಎಂದು ಕೇಳುವುದಿಲ್ಲ.

ಈಗಿನ ಕಥೆ ಕೇಳು. ಸಂಜೆ ಐದಕ್ಕೆ ಕಾರ್ಖಾನೆ ಬಿಡುತ್ತೇನೆ. ಪೀಣ್ಯ ಇಂಡಸ್ಟ್ರಿಯಲ್ಲಿ ಮೆಟ್ರೊ ಹತ್ತಿದರೆ ಒಂಬತ್ತನೇ ನಿಲ್ದಾಣ ಸಂಪಿಗೆ ರಸ್ತೆ. ಏಳನೆಯದು ಮಹಾಕವಿ ಕುವೆಂಪು ರಸ್ತೆ. ಪ್ರತಿ ಸಂಜೆ ನಮ್ಮೂರಿನವರ ಹೆಸರು ಕೂಗಿದಾಗ ಇನ್ನು ಎರಡೇ ಅಂತ ಬ್ಯಾಗ್ ಸರಿ ಮಾಡಿಕೊಳ್ಳುತ್ತೇನೆ.

ಸೇರಿದ ವಾರವೇ ಒಂದು ಅರ್ಜಿ ಬರೆದುಕೊಂಡು ಹೋದೆ. ಬಾಗಿಲ ಹತ್ತಿರ ಗೋಡೆ ಪಕ್ಕದ ಒಂದೇ ಜಾಗ ದಿನಾ ಸಿಗಬೇಕು, ಬಾಯಲ್ಲಿ ಹೇಳಿದ್ದನ್ನು ಬರೆದೂ ಕೊಡಬೇಕು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಬೇಕು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯನ್ನೂ ಲಗತ್ತಿಸಿದ್ದೆ. ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಓದಿದವರು ‘ನೋಡೋಣ’ ಎಂದರು.

ನಾನು ಕಾದೆ. ನೋಡುತ್ತಾರೆ ಅಂತ. ಮೂರು ವಾರವಾದ ಮೇಲೆ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದಳು, ‘ಅಂಕಲ್, ನೋಡೋಣ ಅಂದ್ರೆ ಆಗಲ್ಲ ಅಂತ.’ ನಮ್ಮ ಭಾಷೆ ನನಗೆ ಇಷ್ಟ, ಆದರೆ ಇದೊಂದು ವಿಷಯದಲ್ಲಿ ಅದರ ಮೇಲೆ ಸಿಟ್ಟಿದೆ. ಹೊರಟವನು ‘ಬರ್ತೀನಿ’ ಅನ್ನಬೇಕು. ಉಪವಾಸ ಇದ್ದರೂ ‘ಊಟ ಆಯ್ತು’ ಅನ್ನಬೇಕು. ಆಗಲ್ಲ ಅನ್ನುವುದಕ್ಕೆ ‘ನೋಡೋಣ’. ಮತ್ತೆ ಹೋಗಿ, ‘ಸರ್, ನೋಡಿದ್ರಾ?’ ಎಂದು ಕೇಳಿದೆ. ಪಾಪ, ಅವರು ನಕ್ಕುಬಿಟ್ಟರು. ಜಾಗ ಅವತ್ತೇ ಸಿಕ್ಕಿತು. ಹೆಚ್ಚಿನ ಸಮಯ ಮೊದಲ ಸೆಮಿಸ್ಟರಿಗೆ ಬರಲಿಲ್ಲ, ಎರಡನೆಯದಕ್ಕೆ ಬಂತು. ಆ ಒಂದು ಗಂಟೆ ನನಗೆ ಯಾಕೆ ಬೇಕು ಗೊತ್ತಾ? ‘ಸಂಕ್ಷಿಪ್ತವಾಗಿ ಬರೆಯಿರಿ’ ಎಂದರೆ ಎಷ್ಟು ಸಾಲು? ‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಎಂದರೆ ಯಾವ ನಾಲ್ಕಕ್ಕೆ? ಉತ್ತರ ಬರೆಯುವುದಕ್ಕೆ ಮೂರು ಗಂಟೆ ಸಾಕು. ಪ್ರಶ್ನೆಯ ಜೊತೆ ಜಗಳ ಆಡುವುದಕ್ಕೆ ಆ ನಾಲ್ಕನೆಯದು.

ಕ್ಲಾಸಿನಲ್ಲಿ ಫ್ಯಾನಿನ ಟಕ್ ಟಕ್, ಟ್ಯೂಬ್‌ಲೈಟಿನ ಗುಂಯ್. ಕಾರ್ಖಾನೆಯಲ್ಲಿ ಇದರ ಹತ್ತರಷ್ಟು ಸದ್ದಿದೆ, ಅದು ನನಗೇನೂ ಮಾಡುವುದಿಲ್ಲ. ಒಂದೇ ಸಮ ಇರುವ ಸದ್ದು ಅದು. ಆಗಾಗ ತಪ್ಪುವ ಸದ್ದು ತಡೆಯಲಾಗುವುದಿಲ್ಲ. ನಮ್ಮ ಸ್ಟೋರಿನಲ್ಲಿ ಕಿವಿಗೆ ತುರುಕಿಕೊಳ್ಳುವ ಫೋಮಿನ ಬಿರಡೆ ಇರುತ್ತವೆ, ಅವನ್ನೇ ಹಾಕಿಕೊಳ್ಳುತ್ತೇನೆ. (ದುಡ್ಡು ಕೊಟ್ಟೇ ತಂದಿದ್ದು, ಸ್ಟಾಕ್ ಲೆಕ್ಕ ಸರಿಯಾಗಿದೆ.) ಪಾಠ ಚೆನ್ನಾಗಿಯೇ ಕೇಳಿಸುತ್ತದೆ. ಹಾಡು ಕೇಳುತ್ತಿದ್ದೇನೆ ಎಂದು ಹುಡುಗರು ಅಂದುಕೊಂಡಿದ್ದರು.

ಒಂದು ಅವಾಂತರವೂ ಆಯಿತು. ಜಿಎಸ್‌ಟಿ ಪಾಠದಲ್ಲಿ ಸರ್, ಜಿಎಸ್‌ಟಿಆರ್-1 (ತಿಂಗಳ ಮಾರಾಟದ ರಿಟರ್ನ್) ಹಾಕಲು ಮುಂದಿನ ತಿಂಗಳ 10 ಕಡೇ ದಿನ ಎಂದರು. ‘11’ ಎಂದೆ. ಅವರು ‘10’ ಎಂದರು. ನಾನು ಮತ್ತೆ ‘11’. ತಿಂಗಳು ತಿಂಗಳು ನಾನೇ ಹಾಕುವವನು! ಕ್ಲಾಸು ನಿಶ್ಶಬ್ದ. ನೀನಿದ್ದಿದ್ದರೆ ನನ್ನ ಕಾಲು ಅವತ್ತು ಜಜ್ಜಿಹೋಗುತ್ತಿತ್ತು. ರಾತ್ರಿ ಮನೆಗೆ ಬಂದು ಕಾಯ್ದೆ ತೆಗೆದು ನೋಡಿದೆ. 37ನೇ ಸೆಕ್ಷನ್ನಿನಲ್ಲಿ 10 ಎಂದೇ ಇದೆ. ಅಧಿಸೂಚನೆಯಲ್ಲಿ 11 ಮಾಡಿದ್ದಾರೆ. ಅಂದರೆ ಇಬ್ಬರದೂ ಸರಿ. ಮರುದಿನ ಎರಡನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿ ಕೊಟ್ಟೆ. ‘ಸರ್, ನಿಮ್ಮದೂ ತಪ್ಪಿಲ್ಲ’ ಎಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ, ಕಾಫಿ ತರಿಸಿದರು. ಈಗ ರಿಟರ್ನ್ ಪಾಠ ಬಂದರೆ, ‘ನೀವೇ ಬಂದು ಹೇಳಿ’ ಅನ್ನುತ್ತಾರೆ. ಬೋರ್ಡಿನ ಕಡೆ ಮುಖ ಮಾಡಿ ಹೇಳುತ್ತೇನೆ.

ಸುಸ್ತು ಮಾತ್ರ ಹೇಳತೀರದು. ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಬಾಯಿಂದ ಮಾತು ಹೊರಡುವುದಿಲ್ಲ. ದೀಪ ಹಾಕದೆ ಅರ್ಧ ಗಂಟೆ ಕೂರುತ್ತೇನೆ. ತಿಂಗಳ ಕೊನೆಯ ಸ್ಟಾಕ್ ಲೆಕ್ಕಕ್ಕೂ ಇಂಟರ್ನಲ್ಸ್‌ಗೂ ಒಂದೇ ವಾರ ಬಿದ್ದರೆ ಎರಡು ದಿನ ಅನ್ನವೂ ಬೇಡ. ಆಫೀಸಿನಲ್ಲಿ ಕಾಲೇಜಿನ ವಿಷಯ ಹೇಳಿದ್ದೇನೆ, ಕಾರ್ಡಿನ ವಿಷಯ ಹೇಳಿಲ್ಲ. ಹೆಸರಿಲ್ಲದ ಈ ಪತ್ರ ಅವರ ಕಣ್ಣಿಗೆ ಬಿದ್ದರೆ ಬೀಳಲಿ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಕ್ಲಾಸಿನವರೆಲ್ಲ ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋಗುತ್ತಿದ್ದಾರೆ. ‘ನೋಡೋಣ’ದ ಅರ್ಥ ಹೇಳಿದ ಅದೇ ಹುಡುಗಿ ನಿನ್ನೆ ಮೆಸೇಜ್ ಹಾಕಿದ್ದಾಳೆ: ‘ಅಂಕಲ್, ಫ್ರೀ ಇದ್ರೆ ನೀವೂ ಬನ್ನಿ.’ ನಾನು ಫ್ರೀ ಇದ್ದೇನೆ. ಆದರೆ ಇದು ನಿಜವಾಗಿ ಬನ್ನಿ ಅಂತಲೋ, ಅಥವಾ ಮನೆ ಮುಂದೆ ಹೋಗುವವರನ್ನು ‘ಕಾಫಿ ಕುಡ್ಕೊಂಡು ಹೋಗಿ’ ಅನ್ನುತ್ತಾರಲ್ಲ, ಹಾಗೋ? ಇಪ್ಪತ್ತು ಸಲ ಓದಿದೆ, ಗೊತ್ತಾಗಲಿಲ್ಲ. ನಗುವ ಚಿತ್ರ ಒಂದು ಹಾಕಿದ್ದಾಳೆ, ಕೊನೆಯಲ್ಲಿ.

ಶುಕ್ರವಾರದೊಳಗೆ ಹೇಳು ಮಾರಾಯ. ಟೆಂಪೊ ಟ್ರಾವೆಲರಿನಲ್ಲಿ ಸೀಟು ಎಷ್ಟು ಅಂತ ಲೆಕ್ಕ ಕೊಡಬೇಕಂತೆ.

ನಿನ್ನ
ಗೋಡೆ ಪಕ್ಕದವನು